ಗಿಳಿ ಏನು ತಪ್ಪು ಮಾಡಿತ್ತು

ಅಹಲ್ಯಾಬಾಯಿ ಟೀಚರಿಗೆ ಪುಸ್ತಕ ಬರೆಯುವ ಹುಚ್ಚು ಎಳ್ಳಷ್ಟೂ ಇರಲಿಲ್ಲ. ಮಾನ್ವಿಯಲ್ಲಿ ಗುಡಿ ಪೂಜೆಯ ಮನೆತನದಲ್ಲಿ ಹುಟ್ಟಿ, ರಾಯಚೂರಿನಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿ, ದೇವದುರ್ಗ ತಾಲೂಕಿನ ಗೂಗಲ್ ಎಂಬ ಊರಿನ ಶಾಲೆಗೆ ಗಣಿತ ಕಲಿಸಲು ಬಂದವರು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಬಾಗಿಲಿನಿಂದಲೇ ಹಿಂದಿರುಗಿತ್ತು. ಅದರ ಬಗ್ಗೆ ಅವರಿಗಿಂತ ಊರಿನವರಿಗೇ ಹೆಚ್ಚು ಸಂಕಟ. ಜೊತೆಗೆ ತಾಯಿ ವೆಂಕೂಬಾಯಿ ಇದ್ದರು. ಮಡಿ, ಹೂಬತ್ತಿ, ಮೊಳದುದ್ದದ ಬಾಯಿ, ಇವು ಮೂರೂ ಅವರ ಆಸ್ತಿ.

೧೯೭೮ರ ಮಳೆಗಾಲದ ಒಂದು ಮಧ್ಯಾಹ್ನ ಶಾಲೆಯ ಚಾವಣಿ ಸೋರಿ ಕಪ್ಪುಹಲಗೆಯ ಮೇಲೆ ಬರೆದ ಭಿನ್ನರಾಶಿಗಳೆಲ್ಲ ಹರಿದು ಕೆಳಗಿಳಿದವು. ಲೆಕ್ಕ ಮಾಡಿಸಲು ಹಲಗೆಯಿಲ್ಲ, ಮಕ್ಕಳನ್ನು ಮನೆಗೆ ಬಿಡಲು ಮಳೆ ಬಿಡುತ್ತಿಲ್ಲ. ದಿಕ್ಕು ತೋಚದೆ ಅಹಲ್ಯಾಬಾಯಿ ಏಳನೆಯ ಇಯತ್ತೆಯ ಮಕ್ಕಳಿಗೆ ತಾಯಿ ಹೇಳುತ್ತಿದ್ದ ಹಳೆಯ ಕಥೆಯನ್ನೇ ಹೇಳಿದರು. ಎಲ್ಲರಿಗೂ ಗೊತ್ತಿರುವ ಕಥೆ ಅದು. ಊರನ್ನು ಕಾಡುವ ರಾಕ್ಷಸ, ಏಳು ಸಮುದ್ರದಾಚೆ ಪಂಜರದೊಳಗಿನ ಗಿಳಿಯಲ್ಲಿ ಅವನ ಜೀವ, ರಾಜಕುಮಾರ ಹೋಗಿ ಗಿಳಿಯ ಕುತ್ತಿಗೆ ಹಿಚುಕಿದ, ರಾಕ್ಷಸ ಸತ್ತ, ಊರಿಗೆಲ್ಲ ಊಟ.

ಹುಡುಗರು ಚಪ್ಪಾಳೆ ಹೊಡೆದರು. ಭೀಮವ್ವ ಮಾತ್ರ ಹೊಡೆಯಲಿಲ್ಲ. ಕುರಿ ಕಾಯುವ ಕನಕರಾಯನ ಹಿರಿಯ ಮಗಳು ಅವಳು. ಆ ತರಗತಿಯಲ್ಲಿದ್ದ ಮೂರೇ ಹುಡುಗಿಯರಲ್ಲಿ ಒಬ್ಬಳು, ಗಣಿತದಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ.

“ಟೀಚರ್, ಗಿಳಿ ಏನ್ ತಪ್ಪು ಮಾಡಿತ್ರೀ?” ಎಂದಳು.

ತರಗತಿ ಗೊಳ್ಳೆಂದು ನಕ್ಕಿತು. “ಕಥಿಯೊಳಗ ಹಂಗ ಅದ, ಕೂಡು,” ಎಂದು ಅಹಲ್ಯಾಬಾಯಿ ಬಾಯಿ ಮುಚ್ಚಿಸಿದರು. ಆದರೆ ಮುಚ್ಚಿಸಿದ್ದು ಅವಳ ಬಾಯಿ, ತಮ್ಮ ತಲೆಯನ್ನಲ್ಲ. ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನಂತೆ ಆ ಪ್ರಶ್ನೆ ಅಲ್ಲೇ ಉಳಿಯಿತು. ಮನೆಗೆ ಬಂದು ತಾಯಿಯನ್ನು ಕೇಳಿದರೆ ವೆಂಕೂಬಾಯಿ ಬತ್ತಿ ಹೊಸೆಯುತ್ತಲೇ, “ಗಿಳಿ ಸಾಯಲಿಲ್ಲಂದ್ರ ರಾಕ್ಷಸ ಹೆಂಗ ಸಾಯಬೇಕ? ನಮ್ಮಜ್ಜಿ ಕಾಲದಿಂದ ಹಿಚುಕ್ಕೋತ ಬಂದೇವಿ, ಇವತ್ತ ನಿನಗ ಗಿಳಿ ಮ್ಯಾಲ ಮರುಕ ಬಂತೇನು?” ಎಂದರು.

ಡಿಸೆಂಬರಿನಲ್ಲಿ ಭೀಮವ್ವನ ಜಾಗ ಖಾಲಿಯಾಯಿತು. ಎರಡು ದಿನ ನೋಡಿ ಅಹಲ್ಯಾಬಾಯಿ ಅವಳ ಮನೆಗೇ ಹೋದರು. ಕನಕರಾಯ ಅಂಗಳದಲ್ಲಿ ಬಲೆ, ಗೂಟ, ಕಂಬಳಿಗಳನ್ನು ಕತ್ತೆಯ ಮೇಲೆ ಹೇರುತ್ತಿದ್ದ. ಪೋತ್ನಾಳದ ಕಡೆ ಕಾಲುವೆ ನೀರಿನಲ್ಲಿ ಬೆಳೆದ ಭತ್ತ ಕೊಯ್ಲಾಗಿತ್ತು. ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ತರುಬಿ ಮಲಗಿಸಲು ಹಿಂಡುಗಳು ಹೊರಡುವ ಕಾಲ. ಹೋದರೆ ಯುಗಾದಿ ದಾಟಿದ ಮೇಲೆಯೇ ವಾಪಸು.

“ಮಾರ್ಚ್ ಕಡೀಗೆ ದೇವದುರ್ಗದಾಗ ಏಳನೇತ್ತೆ ಪಬ್ಲಿಕ್ ಪರೀಕ್ಷಾ ಅದ, ಕನಕರಾಯಾ. ಹುಡುಗಿನ್ನ ಬಿಟ್ಟು ಹೋಗು,” ಎಂದರು ಅಹಲ್ಯಾಬಾಯಿ.

“ಹೆಂಗ ಬಿಡ್ಲಿರೀ? ನನ್ನ ತಮ್ಮ ರಾಯಚೂರಾಗ ಹತ್ತಿ ಮಿಲ್ಲಿಗೆ ಸೇರ್ಕೊಂಡಾನ. ಹೆಂಡ್ತಿ ಅಯ್ಯಮ್ಮ ಬಾಣಂತಿ. ಮರಿ ನೋಡಾಕ ಒಂದು ಕೈ ಬೇಕಲ್ರೀ? ಈಕಿ ಏಳನೇತ್ತೆ ಪಾಸಾದ್ರ ನಮ್ಮ ಕುರಿ ಹಾಲು ಹೆಚ್ಚು ಕೊಡತಾವೇನ್ರೀ?”

ಕತ್ತೆಯ ಹಗ್ಗ ಹಿಡಿದು ನಿಂತಿದ್ದ ಭೀಮವ್ವ ಅಳುತ್ತಿರಲಿಲ್ಲ. ಅತ್ತಿದ್ದರೆ ಅಹಲ್ಯಾಬಾಯಿ ಸಮಾಧಾನ ಹೇಳಿ ಮನೆಗೆ ಹೋಗುತ್ತಿದ್ದರೇನೋ. ಅವಳು ಅವರ ಮುಖವನ್ನೇ ನೋಡಿ, “ಗಿಳಿದು ನೀವು ಹೇಳಲೇ ಇಲ್ರೀ,” ಎಂದಳು.

ಆ ರಾತ್ರಿಯಲ್ಲ, ಮರುದಿನ ಬೆಳಿಗ್ಗೆ, ಹಾಜರಿ ತೆಗೆದುಕೊಂಡು ಮುಗಿದ ಮೇಲೆ, ಅಹಲ್ಯಾಬಾಯಿ ನಲವತ್ತು ಹಾಳೆಯ ಒಂದು ನೋಟ್‌ಬುಕ್ ತೆಗೆದು ಬರೆಯಲು ಕುಳಿತರು. ಅದೇ ಹಳೆಯ ಕಥೆ. ಆದರೆ ರಾಜಕುಮಾರನನ್ನು ಕೆಲಸದಿಂದ ತೆಗೆದುಹಾಕಿದರು. ಅವನ ಜಾಗಕ್ಕೆ ಬೂದೆಮ್ಮ ಎಂಬ ಕುರಿ ಕಾಯುವ ಹುಡುಗಿ ಬಂದಳು. ಏಳು ಸಮುದ್ರಗಳು ಕೃಷ್ಣೆಯ ಏಳು ತಿರುವುಗಳಾದವು. ಹಾರುವ ಕುದುರೆಯ ಬದಲು ಮಾತಾಡುವ ಹರಿಗೋಲು. ಅದಕ್ಕೆ ಒಂದು ದುರಭ್ಯಾಸವೂ ಇತ್ತು: ಹೊಗಳದಿದ್ದರೆ ನಿಂತಲ್ಲೇ ಗಿರಗಿರ ಸುತ್ತುತ್ತಿತ್ತು. ರಾಕ್ಷಸ ಊರಿನ ಹುಡುಗಿಯರ ಹಾಡನ್ನು ಕದ್ದೊಯ್ದು ನಡುಗಡ್ಡೆಯಲ್ಲಿ ಬಚ್ಚಿಟ್ಟಿದ್ದ. ಅವನ ಜೀವ ಗಿಳಿಯಲ್ಲಿತ್ತು. ಬೂದೆಮ್ಮ ಹೊರಟದ್ದು ಗಿಳಿಯನ್ನು ಕೊಲ್ಲಲಿಕ್ಕಲ್ಲ, ಅದರ ತಪ್ಪೇನು ಎಂದು ಕೇಳಲಿಕ್ಕೆ.

ಒಂದು ಅಧ್ಯಾಯ ಮುಗಿದೊಡನೆ ಟೀಚರ ಬುದ್ಧಿ ಹೊರಬಂತು. ನೋಟ್‌ಬುಕ್ಕಿನ ಕೊನೆಗೆ ಹತ್ತು ಲೆಕ್ಕ, ಎರಡು ಪುಟ ಸಮಾಜ ಪಾಠ ಬರೆದರು. ಬೆಲ್ಲದೊಳಗೆ ಔಷಧಿ. ಹುಡುಗಿ ಕಥೆಯ ಆಸೆಗೆ ಲೆಕ್ಕವನ್ನೂ ನುಂಗಿಯಾಳು, ಹೇಗಾದರೂ ಪರೀಕ್ಷೆಗೆ ಕೂರಿಸಬೇಕು ಎಂಬುದೊಂದೇ ಹಟ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ದೇವದುರ್ಗಕ್ಕೆ ಹೋಗಿ, ಪೋತ್ನಾಳದ ಮೇಲೆ ಹಾಯುವ ಬಸ್ಸಿನ ಕಂಡಕ್ಟರ್ ಶಂಶುದ್ದೀನನ ಕೈಗೆ ನೋಟ್‌ಬುಕ್ ಕೊಟ್ಟರು. ಅವನು ಅದನ್ನು ಪೋತ್ನಾಳದ ದಾವಲ್ ಬೀಯ ಚಹಾದಂಗಡಿಯಲ್ಲಿಡಬೇಕು, ಭೀಮವ್ವ ಬಂದು ಒಯ್ಯಬೇಕು. ಮುಂದಿನ ಶನಿವಾರ ಲೆಕ್ಕ ಬಿಡಿಸಿದ ಹಾಳೆ ಬಂತು. ಹತ್ತಕ್ಕೆ ಒಂಬತ್ತು ಸರಿ. ಜೊತೆಗೆ ಶಂಶುದ್ದೀನನ ತಕರಾರು: “ಟೀಚರಮ್ಮಾ, ಆ ಹರಿಗೋಲು ಮೂರನೇ ತಿರುವಿನ್ಯಾಗ ಸುತ್ತಾಕತ್ತಿತ್ತು, ಅಲ್ಲೇ ಬಿಟ್ಟೀರಿ! ನಾ ಓದಕೋಂತ ಕುಂತು ಸಿರವಾರದಾಗ ಇಬ್ಬರಿಗೆ ಟಿಕೀಟು ಹರಿಯೋದ ಮರತೆ.”

ಅಹಲ್ಯಾಬಾಯಿ ಹೊರಗೆ ಸಿಡುಕಿದರು. ಒಳಗೆ ಅವರಿಗಾದ ಖುಷಿ ಅಷ್ಟಿಷ್ಟಲ್ಲ.

ಕುರಿದಡ್ಡಿಯಲ್ಲಿ ಏನು ನಡೆಯುತ್ತಿದೆಯೆಂಬುದೂ ಅವನ ಬಾಯಿಂದಲೇ ತಿಳಿಯಿತು. ಸಂಜೆ ರೊಟ್ಟಿ ತಿಂದು ಭೀಮವ್ವ ಗಟ್ಟಿಯಾಗಿ ಓದುತ್ತಾಳೆ, ಎಲ್ಲರೂ ಕೇಳುತ್ತಾರೆ. ಕುರಿಯವರ ಕಥೆಗೆ ಒಂದು ಕಟ್ಟಳೆಯಿದೆ. ಕೇಳುವವರಲ್ಲಿ ಒಬ್ಬ ‘ಹೂಂ’ ಎನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಮೊದಲ ಹೂಂ ಯಾರದೋ ಕೊನೆಯ ಹೂಂ ಅವನದೇ ಆಗಬೇಕು, ಅವನು ಅರ್ಧಕ್ಕೆ ಎದ್ದರೆ ಹಿಂಡು ದಾರಿ ತಪ್ಪುತ್ತದೆ. ಮೊದಲ ಸಂಜೆ ಚೇಷ್ಟೆಗೆಂದು ಹೂಂ ಅಂದವನು ಸ್ವತಃ ಕನಕರಾಯ. ಕಥೆ ಇಷ್ಟು ಉದ್ದವಿದೆಯೆಂದು ಪಾಪ ಅವನಿಗೇನು ಗೊತ್ತು?

ಜನವರಿಯಲ್ಲಿ ನಾಲ್ಕನೆಯ ನೋಟ್‌ಬುಕ್ ಹೋಯಿತು. ಮುಂದಿನ ಶನಿವಾರ ಅದೇ ನೋಟ್‌ಬುಕ್ ವಾಪಸು ಬಂತು. ಲೆಕ್ಕ ಬಿಡಿಸಿರಲಿಲ್ಲ. ಶಂಶುದ್ದೀನ ಮುಖ ಕೆಳಗೆ ಹಾಕಿ, “ಇನ್ನ ಮ್ಯಾಲ ಬುಕ್ಕು ಕಳಿಸಬ್ಯಾಡ್ರಿ ಅಂತ ಕನಕರಾಯ ಹೇಳ್ಯಾನ. ಭಾಳ ಸಿಟ್ಟಿಗೆದ್ದಾನ್ರಿ,” ಎಂದ.

ತಪ್ಪೇನೆಂದು ಅಹಲ್ಯಾಬಾಯಿಗೆ ಹೊಳೆಯಲಿಲ್ಲ. ಮತ್ತೆ ಮತ್ತೆ ಓದಿದರು. ಅವರ ಲೆಕ್ಕದಲ್ಲಿ ಅದು ಇಡೀ ಕಥೆಯಲ್ಲೇ ಉತ್ತಮವಾದ ಅಧ್ಯಾಯ. ಮಾತೆತ್ತಿದರೆ ಮರಿಯ ತಂಟೆ ಹೇಳುವ ತಂದೆಗೆ ಮೆಚ್ಚುಗೆಯಾಗಲೆಂದು ಬೂದೆಮ್ಮನನ್ನು ಭಾರೀ ಜಾಣೆಯಾಗಿ ಮಾಡಿದ್ದರು. ದಿನಾ ಸಂಜೆ ಅವಳು ಕುರಿಗಳನ್ನು ಒಂದೊಂದಾಗಿ ಎಣಿಸುತ್ತಿದ್ದಳು, ನೂರಾ ಇಪ್ಪತ್ತಾರು. ಕೊನೆಯ ಲೆಕ್ಕವೂ ಅದರದೇ: ನೂರಾ ಇಪ್ಪತ್ತಾರು ಕುರಿಗಳಲ್ಲಿ ಹದಿನಾಲ್ಕು ಕಳೆದರೆ ಉಳಿದವೆಷ್ಟು?

ಭಾನುವಾರ ತಾಯಿ ಎಷ್ಟು ಗೊಣಗಿದರೂ ಕೇಳದೆ ಪೋತ್ನಾಳದ ಬಸ್ಸು ಹತ್ತಿದರು. ದಾವಲ್ ಬೀ ದಾರಿ ತೋರಿಸಿದಳು. ಕಾಲುವೆಯ ಏರಿಯ ಮೇಲೆ ಒಂದು ಮೈಲಿ ನಡೆದಾಗ ಬೋಳು ಗದ್ದೆಯಲ್ಲಿ ಬಲೆ ಕಟ್ಟಿದ ದಡ್ಡಿ ಕಂಡಿತು. ಕನಕರಾಯ ಬರ್ರಿ ಎನ್ನಲಿಲ್ಲ. ನೀರು ಮಾತ್ರ ಕೊಟ್ಟ. ಸಿಟ್ಟು ಎಷ್ಟಿದ್ದರೂ ನೀರು ಕೊಡದಷ್ಟು ಕೆಟ್ಟವನಲ್ಲ.

“ಕುರಿ ಎಣಿಸತಾರೇನ್ರೀ ಯಾರರ?” ಎಂದ ಕಡೆಗೆ. “ಎಣಿಸಿದ್ರ ಹಿಂಡು ಇಳೀತದ. ನಮ್ಮಪ್ಪ ಎಣಿಸಲಿಲ್ಲ, ಅವರಪ್ಪ ಎಣಿಸಲಿಲ್ಲ. ನನ್ನ ಮಗಳ ಬಾಯಿಂದ ಎಣಿಸಿದ್ರಿ. ಮ್ಯಾಲ ಹದಿನಾಕು ಕಳದ್ರಿ. ಅದ ವಾರ ಎರಡು ಮರಿ ಸತ್ತುವ್ರೀ.”

ಅಹಲ್ಯಾಬಾಯಿ ಇದು ಮೂಢನಂಬಿಕೆ ಎನ್ನಬಹುದಿತ್ತು. ನಾಲಿಗೆ ತುದಿಗೆ ಬಂದೂ ಇತ್ತು. ಆದರೆ ಅವನ ದನಿಯಲ್ಲಿ ಇದ್ದದ್ದು ಹಟಕ್ಕಿಂತ ನೋವು. ಗುರುವಾರ ತಾವೂ ಒಪ್ಪತ್ತು ಇರುವವರು ಎಂಬುದು ನೆನಪಾಗಿ ಮಾತನ್ನು ನುಂಗಿದರು.

“ಎಣಿಸಲಿಲ್ಲಂದ್ರ ಕುರಿ ಕಳದದ್ದು ಹೆಂಗ ಗೊತ್ತಾಗತದ?”

“ಮುಖ ನೋಡಿದ್ರ ಗೊತ್ತಾಗತದ. ನಿಮ್ಮ ಸಾಲ್ಯಾಗ ಹುಡುಗರು ಬಂದದ್ದು ಎಣಿಸಿ ತಿಳಕೋತೀರೇನು?”

ಹೌದು, ಅವರು ನಂಬರು ಕೂಗಿಯೇ ಹಾಜರಿ ಹಾಕುತ್ತಿದ್ದರು. ಭೀಮವ್ವ ಹದಿನೇಳನೆಯ ನಂಬರು. ನಾಚಿಕೆಯಾಗಿ ತಲೆತಗ್ಗಿಸಿದರು.

ಅಷ್ಟರಲ್ಲಿ ಮೇಯಲು ಹೋದ ಹಿಂಡು ಧೂಳೆಬ್ಬಿಸಿಕೊಂಡು ಬಂತು. ಭೀಮವ್ವ ಮರಿಗಳ ಬಲೆ ಬಿಚ್ಚಿದಳು. ಮರಿಗಳ ಗಲಾಟೆ, ತಾಯಿಗಳ ಗಲಾಟೆ, ಎಲ್ಲ ಕರಿ, ಎಲ್ಲ ಒಂದೇ ಅಳತೆ. ಅವಳು ಎರಡು ಕೈಯಲ್ಲಿ ಎರಡು ಮರಿ ಎತ್ತಿಕೊಂಡು ಆ ಗದ್ದಲದೊಳಗೆ ನುಗ್ಗಿ ಅವುಗಳನ್ನು ಸರಿಯಾದ ತಾಯಿಯ ಕೆಚ್ಚಲಿಗೇ ಬಿಡುತ್ತಿದ್ದಳು. ಒಂದೂ ತಪ್ಪಲಿಲ್ಲ. ನಡುವೆ ನಿಂತು ಒಮ್ಮೆ ಸುತ್ತ ನೋಡಿ, “ಯಪ್ಪಾ, ಮುರುಕು ಕಿವೀದು ಬಂದಿಲ್ಲ,” ಎಂದಳು. ನಿಜ, ಅದು ಕಾಲುವೆಯ ಕಡೆ ಉಳಿದಿತ್ತು. ಎಂಟು ವರ್ಷ ಗಣಿತ ಕಲಿಸಿದ ಟೀಚರು ಬಾಯಿ ತೆರೆದು ನೋಡುತ್ತ ನಿಂತರು.

ನೋಟ್‌ಬುಕ್ ತೆಗೆದು ಆ ಪುಟಗಳನ್ನು ಹರಿದರು. ಒಲೆಗೆ ಹಾಕಲು ಬಗ್ಗಿದಾಗ ಕನಕರಾಯ ಗಾಬರಿಯಿಂದ ಅಡ್ಡ ಬಂದ. “ಅಯ್ಯ, ಅಕ್ಷರ ಬೆಂಕಿಗೆ ಹಾಕಬ್ಯಾಡ್ರಿ!” ಓದು ಬಾರದವನಿಗೆ ಅಕ್ಷರದ ಮೇಲೆ ಅಷ್ಟು ಭಯಭಕ್ತಿ. ಕೊನೆಗೆ ಮೂವರೂ ಏರಿಯ ಮೇಲೆ ಹೋಗಿ ಹಾಳೆಗಳನ್ನು ಕಾಲುವೆಗೆ ಬಿಟ್ಟರು. ನೂರಾ ಇಪ್ಪತ್ತಾರು ಕುರಿಗಳು ನೀರಿನಲ್ಲಿ ತೇಲಿಹೋದವು. “ಹೊಸಾದು ಬರದು ಕಳಿಸ್ರಿ,” ಎಂದ ಕನಕರಾಯ.

ಮರುದಿನದಿಂದ ಅಹಲ್ಯಾಬಾಯಿ ನಂಬರು ಕೂಗುವುದನ್ನು ಬಿಟ್ಟು ಮುಖ ನೋಡಿ ಹಾಜರಿ ಹಾಕಿದರು. ಕಥೆಗೂ ಕಣ್ಣು ಬಂತು. ಬೂದೆಮ್ಮ ನಡುಗಡ್ಡೆ ಮುಟ್ಟಿದಾಗ ಅಲ್ಲಿದ್ದದ್ದು ಒಂದು ಗಿಳಿಯಲ್ಲ, ಸಾವಿರ ಪಂಜರದಲ್ಲಿ ಸಾವಿರ ಗಿಳಿ, ಎಲ್ಲ ಒಂದೇ ಹಸಿರು, ಒಂದೇ ಕೊಕ್ಕು. ಹಿಂದೆ ಬಂದ ರಾಜಕುಮಾರರೆಲ್ಲ ಎಣಿಸುತ್ತ ಎಣಿಸುತ್ತ ಗಡ್ಡ ಬೆಳೆಸಿಕೊಂಡು ಅಲ್ಲೇ ಮುದುಕರಾಗಿದ್ದರು. ಬೂದೆಮ್ಮ ಎಣಿಸಲಿಲ್ಲ. ಒಂದೊಂದರ ಮುಖ ನೋಡುತ್ತ ಹೋಗಿ, ತನ್ನದಲ್ಲದ ಭಾರ ಹೊತ್ತು ದಣಿದ ಒಂದು ಗಿಳಿಯನ್ನು ಗುರುತು ಹಿಡಿದಳು.

ಅಲ್ಲಿಗೆ ಬಂದು ಅಹಲ್ಯಾಬಾಯಿಯ ಪೆನ್ನು ನಿಂತಿತು. ಗಿಳಿ ಸತ್ತರೆ ಅನ್ಯಾಯ, ಬದುಕಿದರೆ ರಾಕ್ಷಸನೂ ಬದುಕುತ್ತಾನೆ. ಮಾರ್ಚ್ ಬಂತು. ಭೀಮವ್ವನ ಹಾಲ್ ಟಿಕೆಟ್ಟೂ ಬಂತು, ಅವರೇ ಹಟ ಹಿಡಿದು ಅರ್ಜಿ ಕಳಿಸಿದ್ದರು. ಕೊನೆಯ ಅಧ್ಯಾಯ ಮಾತ್ರ ಬರಲೊಲ್ಲದು. ಆಗ ಒಂದು ಚೀಟಿ ಬರೆದು ಕಳಿಸಿದರು: ಕಥೆಯ ಕೊನೆ ನೋಟ್‌ಬುಕ್ಕಿನಲ್ಲಿಲ್ಲ, ಶಾಲೆಗೆ ಬಂದು ಕೇಳಬೇಕು. ಅದರಲ್ಲಿ ಅರ್ಧ ಉಪಾಯ, ಅರ್ಧ ನಿರುಪಾಯ.

ಕನಕರಾಯ ಬೈದುಕೊಂಡನಂತೆ. ಆದರೂ ಹೂಂ ಅಂದವನು ಹೂಂ ಅಂದವನೇ. ಜೊತೆಗಾರ ಗಡಿಗೆಪ್ಪನಿಗೆ ಎರಡು ದಿನದ ಮಟ್ಟಿಗೆ ಹಿಂಡು ಒಪ್ಪಿಸಿ ಮಗಳನ್ನು ಕರೆದುಕೊಂಡು ಬಂದ. ಪರೀಕ್ಷೆಗೆ ಇನ್ನು ನಾಲ್ಕು ದಿನವಿತ್ತು. “ಕಥಿ ಕೇಳಿ ನಾಳಿ ಹೊಂಟೀವಿ,” ಎಂದು ಮೊದಲೇ ಹೇಳಿಬಿಟ್ಟ.

ಶಾಲೆಯ ಪಡಸಾಲೆಯಲ್ಲಿ ಮಧ್ಯಾಹ್ನ ಎಲ್ಲರೂ ಕುಳಿತರು. ವೆಂಕೂಬಾಯಿ ಕೂಡ ಬತ್ತಿಯ ಬುಟ್ಟಿ ಹಿಡಿದು ಬಂದು ಕಂಬದ ಪಕ್ಕ ಕೂತರು, ಗಿಳಿ ಸಾಯುತ್ತದೋ ಇಲ್ಲವೋ ನೋಡಲು. ಅಹಲ್ಯಾಬಾಯಿ ಸಾವಿರ ಪಂಜರದವರೆಗೆ ಓದಿದರು. ಬೂದೆಮ್ಮ ಪಂಜರದ ಬಾಗಿಲು ತೆರೆದಳು. ಕನಕರಾಯ ಹೂಂ ಎಂದ. ಅಹಲ್ಯಾಬಾಯಿ ನೋಟ್‌ಬುಕ್ ಮುಚ್ಚಿದರು.

“ಮುಂದ?”

“ನನಗ ಗೊತ್ತಿಲ್ಲ ಕನಕರಾಯಾ. ಎಷ್ಟು ಕೂತ್ರೂ ಬರೀಲಿಕ್ಕೆ ಬರವಲ್ತು.”

“ಅಲ್ರೀ, ಇಷ್ಟು ದೂರ ಕರಸಿ ಅರ್ಧಕ್ಕ ಕೈ ಬಿಡತೀರೇನು? ನನ್ನ ಹಿಂಡಿನ ಗತಿ ಏನು?” ಅವನಿಗೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು.

“ನನಗ ಗೊತ್ತದ,” ಎಂದಳು ಭೀಮವ್ವ. ಎಲ್ಲರೂ ಅವಳತ್ತ ತಿರುಗಿದರು. “ಬೂದೆಮ್ಮ ಗಿಳಿ ಕುತ್ತಿಗಿ ಹಿಚುಕಲಿಲ್ಲ. ಎತ್ತಿ ಹೆಗಲ ಮ್ಯಾಲ ಕುಂದ್ರಿಸಿಕೊಂಡ್ಲು.”

“ಹೂಂ,” ಎಂದ ಕನಕರಾಯ, ಅಭ್ಯಾಸದಿಂದ.

“ರಾಕ್ಷಸ ಓಡಿ ಬಂದ. ಅವನ ಜೀವ ಈಕಿ ಹೆಗಲ ಮ್ಯಾಲ ಅದ. ಹೊಡ್ಯಾಂಗಿಲ್ಲ, ಬಿಟ್ಟು ಹೋಗಾಂಗಿಲ್ಲ. ಈಕಿ ಹ್ವಾದಲ್ಲೆಲ್ಲ ಹಿಂದಿಂದ ಬರಬೇಕು.”

“ಹೂಂ.”

“ಹಿಂದಿಂದ ಬರಾಂವ ಸುಮ್ಮನ ಯಾಕ ಬರಬೇಕು? ಬೂದೆಮ್ಮ ಅವನ ಕೈಗೆ ಬಡಿಗಿ ಕೊಟ್ಲು, ಹೆಗಲಿಗೆ ಕಂಬಳಿ ಹಾಕಿದ್ಲು, ಮರಿ ಕಾಯಿ ಅಂದ್ಲು.”

ವೆಂಕೂಬಾಯಿ ಕಿಸಕ್ಕನೆ ನಕ್ಕರು. ಕನಕರಾಯನ ಮೀಸೆಯೂ ಅಲುಗಿತು. “ಹೂಂ.”

“ಅಂವ ಮರಿ ನೋಡಿ ಬಾಯಿ ತೆರದ. ಗಿಳಿ ಅಂತು, ನೀ ಮರಿ ತಿಂದ್ರ ನಾ ಕಾಳು ತಿನ್ನಂಗಿಲ್ಲ, ಉಪಾಸ ಬಿದ್ದು ಸಾಯತೀನಿ. ಅಂವ ಬಾಯಿ ಮುಚ್ಚಿದ. ದಿನಾ ಮರಿ ಕಾದು ಕಾದು ಅವಕ್ಕ ಹೆಸರಿಟ್ಟ. ಕದ್ದ ಹಾಡೆಲ್ಲ ವಾಪಸ್ ಕೊಟ್ಟ.”

“ಹೂಂ. ರಾಕ್ಷಸ ಕುರಿ ಕಾಯಾಕ ನಿಂತ. ಮತ್ತ ಬೂದೆಮ್ಮ?”

ಭೀಮವ್ವ ತಲೆ ತಗ್ಗಿಸಿ ನೆಲ ಕೆರೆದಳು. ಆಮೇಲೆ ತಂದೆಯ ಮುಖ ನೋಡಿದಳು.

“ಆಕಿ ಪರೀಕ್ಷಾ ಬರಿಯಾಕ ಹ್ವಾದ್ಲು.”

ಹೂಂ ಬರಲಿಲ್ಲ. ವೆಂಕೂಬಾಯಿಯ ಕೈಯಲ್ಲಿ ಬತ್ತಿ ನಿಂತಿತು. ಈ ಕೊನೆಯನ್ನು ಅಹಲ್ಯಾಬಾಯಿ ಹೇಳಿಕೊಟ್ಟಿರಲಿಲ್ಲ, ಆದರೆ ಹೇಳಿಕೊಟ್ಟಿದ್ದಾರೆಂದೇ ಅವನು ತಿಳಿಯುತ್ತಾನೆ. ಕನಕರಾಯ ನಿಧಾನಕ್ಕೆ ಎದ್ದು ನಿಂತ, ಕಂಬಳಿ ಹೆಗಲಿಗೆ ಹಾಕಿದ, ಮೆಟ್ಟಿಲವರೆಗೆ ಹೋದ.

“ಯಪ್ಪಾ, ಕಥಿ ಮುಗದಿಲ್ಲ! ಹಿಂಡು...” ಎಂದು ಭೀಮವ್ವ ಕೂಗಿದಳು.

ಅವನು ಹಿಂದಿರುಗಿ ನೋಡಿದ. ಮಗಳ ಮುಖ ನೋಡಿದ. ದಿನಾ ಸಂಜೆ ಧೂಳಿನೊಳಗೆ ನಿಂತು ಒಂದೊಂದು ಕುರಿಯ ಮುಖ ನೋಡುವವನು, ತನ್ನ ಮಗಳದನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು.

“ಅಂಥ ರಾಕ್ಷಸ ನಮ್ಮ ಸೀಮ್ಯಾಗ ಎಲ್ಲಿ ಸಿಗತಾನ?” ಎಂದ. “ಹುಡುಕಿಕೋಂತ ಕುಂತ್ರ ನಿನ್ನ ಪರೀಕ್ಷಾ ಮುಗಿದು ಹೋಗತದ. ನಾನ ರಾಕ್ಷಸ ಆಗತೀನಿ ತಗೋ.” ವಾಪಸು ಬಂದು, ಮೊದಲು ಕುಳಿತಲ್ಲೇ ಕುಳಿತು, ಕಟ್ಟಳೆಯ ಪ್ರಕಾರ ಹೇಳಿದ: “ಹೂಂ.”

ಅಹಲ್ಯಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೊದಲು ಮಾತಾಡಿದವರು ವೆಂಕೂಬಾಯಿ: “ಪರೀಕ್ಷಾ ಮುಗಿಯೂತನಕ ಹುಡುಗಿ ನಮ್ಮ ಮನ್ಯಾಗ ಇರಲಿ. ಒಳಗ ಮಲಗಲಿ.” ಅವರ ಮಡಿ ಬಲ್ಲವರಿಗೆ ಇದೇನು ಸಣ್ಣ ಮಾತಲ್ಲ.

ಪರೀಕ್ಷೆಯ ಮೂರನೆಯ ದಿನ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಶಂಶುದ್ದೀನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ: “ಟೀಚರಮ್ಮಾ, ರಾಕ್ಷಸ ಆರಾಮದಾನ! ಎರಡೂ ಬಗಲಾಗ ಎರಡು ಮರಿ ಹಿಡಕೊಂಡು ಓಡ್ಯಾಡಾಕತ್ತಾನ!” ಭೀಮವ್ವ ಪಾಸಾದಳು. ಎಂಟನೆಯ ಇಯತ್ತೆಗೆ ದೇವದುರ್ಗಕ್ಕೆ ಹೋದಳು. ಪ್ರತಿ ಚಳಿಗಾಲ ಕನಕರಾಯನಿಗೆ ಸಿಟ್ಟು ಬರುತ್ತಿತ್ತು, ಪ್ರತಿ ಚಳಿಗಾಲವೂ ಅವನು ಒಬ್ಬನೇ ಹೊರಡುತ್ತಿದ್ದ.

೧೯೮೨ರಲ್ಲಿ ಆ ನೋಟ್‌ಬುಕ್ಕುಗಳೆಲ್ಲ ರಾಯಚೂರಿನ ಒಂದು ಪ್ರೆಸ್ಸಿನಲ್ಲಿ ಪುಸ್ತಕವಾದವು. ಕೊನೆಯ ಅಧ್ಯಾಯದ ಮೇಲೆ ಭೀಮವ್ವನ ಹೆಸರಿತ್ತು. ಕೊನೆಯ ಪುಟದಲ್ಲಿ ಚಿತ್ರವಿತ್ತು, ಕಂಬಳಿ ಹೊದ್ದು ಮರಿ ಎತ್ತಿಕೊಂಡ ರಾಕ್ಷಸನದು. ಭೀಮವ್ವ ಪುಸ್ತಕವನ್ನು ಪೋತ್ನಾಳದ ದಡ್ಡಿಗೇ ಒಯ್ದು ತಂದೆಯ ಕೈಗಿಟ್ಟಳು. ಕನಕರಾಯ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹಾಳೆ ತಿರುವಿದ. ಆ ಚಿತ್ರ ಬಂದಾಗ ನಿಂತ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಇದು ತಪ್ಪದ,” ಎಂದ. “ಮರಿ ಕಾಲು ಹಿಂಗ ಇಳಿಬಿಟ್ಟು ಹಿಡಿತಾರೇನು? ಟೀಚರಿಗೆ ಹೇಳು, ನಾ ಹಿಂಗ ಹಿಡಕೊಂಡಿದ್ದಿಲ್ಲ.”